ನರ್ಸಮ್ಮ ಹೇಳಿದ ತತ್ತಿಯ ಮಾತು

ವೀರಭದ್ರಮ್ಮ ಯಾರ ಮನೆಯಲ್ಲೂ ಕೂತದ್ದನ್ನು ಕಲ್ಲೂರಿನವರು ನೋಡಿಲ್ಲ. ಮಾನ್ವಿಯಿಂದ ಬೆಳಗಿನ ಬಸ್ಸಿಗೆ ಬಂದು ಇಳಿದರೆ ಸಂಜೆಯ ತನಕ ಓಣಿ ಓಣಿ ತಿರುಗಾಟ. ಒಳಗೆ ಕರೆದರೆ ಹೊಸ್ತಿಲಲ್ಲೇ ನಿಂತು ಬಾಣಂತಿಯ ಕಣ್ಣಿನ ರೆಪ್ಪೆ ಎಳೆದು ನೋಡಿ, ಕೂಸಿನ ತೂಕ ಬರೆದುಕೊಂಡು, ಹೇಳಬೇಕಾದದ್ದನ್ನು ಹೇಳಿ ಮುಂದಿನ ಮನೆಗೆ ನಡೆಯುತ್ತಿದ್ದಳು. "ಕುಂದರ್ರಿ, ಒಂದು ಗುಟುಕು ಚಾ ಕುಡೀರಿ" ಎಂದರೆ, "ಕುಂತ್ರ ಏಳಾಕಾಗಂಗಿಲ್ಲ ಬೇ, ಮೊಣಕಾಲು ಹಿಡಿತಾವ" ಎಂದು ನಗುತ್ತಿದ್ದಳು. ಮೊಣಕಾಲಿಗೆ ಏನೂ ಆಗಿರಲಿಲ್ಲ. ಕೂರುವುದೇ ಅವಳಿಗೆ ಬಾರದ ವಿದ್ಯೆ.

ಹುಟ್ಟಿದ್ದು ರಾಯಚೂರಿನಲ್ಲಿ. ಅಪ್ಪನಿಗೆ ಗಂಜ್ ಮಾರುಕಟ್ಟೆಯ ಹತ್ತಿರ ಒಂದು ಅಕ್ಕಿ ಗಿರಣಿಯಲ್ಲಿ ಪಾಲಿತ್ತು. ಪೂಜೆಯಾಗದೆ ನೀರು ಸಹ ಮುಟ್ಟದ ಮನೆ. ಹತ್ತೊಂಬತ್ತಕ್ಕೆ ಮದುವೆ ಮಾಡಿದರು, ಒಂದೂವರೆ ವರ್ಷಕ್ಕೆ ಗಂಡ ಕಾಮಾಲೆಯಲ್ಲಿ ತೀರಿಹೋದ. ತಿರುಗಿ ಬಂದ ಮಗಳನ್ನು ಅಡುಗೆಮನೆಯಲ್ಲಿ ಕೂರಿಸಲು ಅಪ್ಪನಿಗೆ ಮನಸ್ಸಾಗಲಿಲ್ಲ. ಬಂಧುಗಳು ಏನೇ ಅಂದುಕೊಳ್ಳಲಿ ಎಂದು ನರ್ಸ್ ತರಬೇತಿಗೆ ಸೇರಿಸಿದ. ತೊಂಬತ್ತನೆಯ ಇಸವಿಯಲ್ಲಿ ದೇವದುರ್ಗ ತಾಲೂಕಿಗೆ ಹಾಕಿದರು. ಹದಿಮೂರು ವರ್ಷ ಅಲ್ಲಿ, ಆಮೇಲೆ ಕಲ್ಲೂರು ಉಪಕೇಂದ್ರ. ಅಷ್ಟು ವರ್ಷದಲ್ಲಿ ಅವಳ ಬಾಯಿಂದ ಸರಕಾರ ಏನೇನು ಹೇಳಿಸಿತೋ ಅವಳಿಗೇ ನೆನಪಿಲ್ಲ. ಅಯೋಡಿನ್ ಉಪ್ಪು ತಿನ್ನಿರಿ ಅಂದಿತು. ತುಪ್ಪ ಬಿಡಿ, ಕುಸುಬಿ ಎಣ್ಣೆ ತಿನ್ನಿರಿ ಅಂದಿತು. ಬರೀ ಒಂದೇ ಎಣ್ಣೆ ಬೇಡ, ಬದಲಿಸಿ ಬದಲಿಸಿ ತಿನ್ನಿರಿ ಅಂದಿತು. ಅಕ್ಕಿ ಕೊಟ್ಟಿತು, ಆಮೇಲೆ ನವಣೆ ಸಜ್ಜೆ ತಿನ್ನಿರಿ ಅಂದಿತು. ಬಂದ ಸುತ್ತೋಲೆಯನ್ನೆಲ್ಲ ಅವಳು ಅಷ್ಟೇ ನಂಬಿಕೆಯಿಂದ ಹೊತ್ತು ಮನೆ ಮನೆಗೆ ಮುಟ್ಟಿಸಿದಳು.

ಎರಡು ಸಾವಿರದ ಇಪ್ಪತ್ತನಾಲ್ಕರ ಸೆಪ್ಟೆಂಬರಿನಲ್ಲಿ ಅಂಗನವಾಡಿಯಲ್ಲಿ ಪೋಷಣೆಯ ತಿಂಗಳಿನ ಸಭೆ ಇತ್ತು. ಆ ವರ್ಷ ದೇಶಕ್ಕೆಲ್ಲ ಹೊಸ ಆಹಾರ ಮಾರ್ಗಸೂಚಿ ಬಂದಿತ್ತು. ಅದರ ಸಾರಾಂಶ ಹಿಡಿದು ವೀರಭದ್ರಮ್ಮ ಗೋಡೆಯ ಪಕ್ಕ ನಿಂತಳು. ಅಂಗನವಾಡಿ ಕಾರ್ಯಕರ್ತೆ ಯಶೋದಾ ಮೂವತ್ತು ಹೆಂಗಸರನ್ನು ಕೂಡಿಸಿದ್ದಳು. ಉಪ್ಪು, ಎಣ್ಣೆ, ಸಕ್ಕರೆ ಕಡಿಮೆ ಮಾಡಿರಿ ಎಂದಾಗ ಎಲ್ಲರೂ ತಲೆ ಆಡಿಸಿದರು. ಊಟಕ್ಕೆ ಮುಂಚೆ ಒಂದು ತಾಸು, ಊಟವಾದ ಮೇಲೆ ಒಂದು ತಾಸು ಚಹಾ ಕುಡಿಯಬಾರದು ಎಂದಾಗ ಗದ್ದಲ ಎದ್ದಿತು.

"ಅಷ್ಟೊತ್ತು ಚಾ ಬಿಟ್ಟು ಹೊಲದಾಗ ಯಾರು ಕೆಲಸ ಮಾಡ್ತಾರ್ರೀ? ಇದನ್ನ ಬರದಾರಲ್ಲ, ಅವ್ರು ಒಮ್ಮ್ಯಾರ ಹತ್ತಿ ಬಿಡಿಸ್ಯಾರೇನು?" ಎಂದು ಹಿಂದಿನಿಂದ ಒಬ್ಬಳು ಕೂಗಿದಳು.

ಮುಂದೆ ಕೂತಿದ್ದ ಮುನವ್ವರ್ ಬೀ ಕೈ ಎತ್ತಿದಳು. ಸೊಸೆಯ ಬಸಿರಿನ ಲೆಕ್ಕ ಬರೆಸಲು ಬಂದವಳು. "ಸಿಸ್ಟರ್, ಸಿಟ್ಟಾಗಬ್ಯಾಡ್ರಿ. ನನ್ನ ದೊಡ್ಡ ಮಗಗ ನಾಕ ತಿಂಗಳಿಗೆ ಗಂಜಿ ಹಾಕಂದ್ರಿ. ಹಾಕಿದೆ. ಮೂರು ವರ್ಷದ ಮ್ಯಾಗ ಸಣ್ಣಾಕಿ ಹುಟ್ಟಿದ್ಲು, ಆರು ತಿಂಗಳ ತನಕ ಹನಿ ನೀರೂ ಬ್ಯಾಡಂದ್ರಿ. ಎರಡೂ ನೀವಾ ಹೇಳಿದ್ರಿ. ಈಗ ಸೊಸಿಗೆ ಯಾವುದು ಹೇಳ್ಲಿ?"

ಹೆಂಗಸರು ನಕ್ಕರು. ವೀರಭದ್ರಮ್ಮನೂ ನಕ್ಕಳು. "ಓದಿದವ್ರು ಪರೀಕ್ಷಾ ಮಾಡಿ ನೋಡ್ತಾರ ಬೇ. ಹೊಸಾದು ಗೊತ್ತಾದಂಗ ತಿದ್ದತಾರ. ಆರು ತಿಂಗಳು, ಅದಾ ಖರೆ." ಇಂಥ ಪ್ರಶ್ನೆ ಅವಳಿಗೆ ಹೊಸದಲ್ಲ. ಸುತ್ತೋಲೆ ಬದಲಾದರೆ ತಪ್ಪು ಅವಳದ್ದಲ್ಲ. ಆ ಧೈರ್ಯದ ಮೇಲೆ ಮೂವತ್ತನಾಲ್ಕು ವರ್ಷ ನಡೆದಿದ್ದಳು.

ಸಭೆ ಮುಗಿದು ಬಸುರಿಯರಿಗೆ ಊಟ ಬಡಿಸಿದರು. ಅನ್ನ, ಸಾರು, ಪಲ್ಯ, ಒಂದು ಬೇಯಿಸಿದ ಮೊಟ್ಟೆ. ಮೂಲೆಯಲ್ಲಿ ಭಾಗ್ಯಜ್ಯೋತಿ ಎಂಬ ಹುಡುಗಿ ಮೊಟ್ಟೆಯನ್ನು ತಟ್ಟೆಯ ಅಂಚಿಗೆ ಸರಿಸಿ ಉಣ್ಣುತ್ತಿದ್ದಳು. ಇಪ್ಪತ್ತಾರು ವರ್ಷ, ಚೊಚ್ಚಲ ಬಸಿರು, ಐದನೆಯ ತಿಂಗಳು. ಗಂಡ ಉಮೇಶ ಕಲ್ಲೂರಿನವನೇ, ಕುರಿ ಸಾಕುತ್ತಾನೆ. ಆವತ್ತು ಬೆಳಿಗ್ಗೆ ತಾನೆ ವೀರಭದ್ರಮ್ಮ ಅವಳ ರಕ್ತದ ಹಿಮೋಗ್ಲೋಬಿನ್ ನೋಡಿದ್ದಳು. ಏಳೂವರೆ ಇತ್ತು. ಹನ್ನೊಂದಾದರೂ ಇರಬೇಕಾದದ್ದು.

"ಯಾಕವ್ವಾ, ತತ್ತಿ ಸೇರಂಗಿಲ್ಲೇನು?"

"ಬ್ಯಾಡ್ರೀ ಸಿಸ್ಟರ್. ಬಸುರ್ಯಾಗ ತಿನ್ನಬಾರದು."

"ನಿಮ್ಮ ಮನ್ಯಾಗ ಕುರಿ ಕೊಯ್ತೀರಿ, ತತ್ತಿಗೆ ಏನಾತು?"

"ಬಾಡು ತಿಂತೀವ್ರೀ. ತತ್ತಿ ಅಷ್ಟಾ ಇಲ್ಲ. ರಕ್ತ ಗಟ್ಟಿ ಆಗ್ತದಂತ, ಕೂಸಿಗೆ ಇಳಿಯಂಗಿಲ್ಲಂತ. ನಮ್ಮವ್ವ ನನ್ನ ಹೊಟ್ಟ್ಯಾಗ ಇಟಗೊಂಡಾಗ ಒಂದೂ ಮುಟ್ಟಿಲ್ಲ."

"ಯಾರು ಹೇಳಿದ್ರು ನಿಮ್ಮವ್ವಗ?"

"ಸರಕಾರದ ನರ್ಸಮ್ಮ. ದೇವದುರ್ಗದ ಕಡಿ ಇದ್ದಳಂತ್ರೀ. ಭಾಳ ಒಳ್ಳ್ಯಾಕಿ ಅಂತ ನಮ್ಮವ್ವ ಈಗೂ ನೆನಸ್ತಾಳ."

ವೀರಭದ್ರಮ್ಮ ಬಗ್ಗಿ ಹುಡುಗಿಯ ಮುಖ ನೋಡಿದಳು. "ನಿಮ್ಮವ್ವನ ಹೆಸರೇನು?"

"ದುರುಗಮ್ಮ ರೀ."

ರಕ್ತ ಗಟ್ಟಿಯಾಗುತ್ತದೆ, ಕೂಸಿಗೆ ಇಳಿಯುವುದಿಲ್ಲ ಎಂಬ ಮಾತು ಯಾವ ಪುಸ್ತಕದಲ್ಲೂ ಇರಲಿಲ್ಲ, ಯಾವ ಸುತ್ತೋಲೆಯಲ್ಲೂ ಬಂದಿರಲಿಲ್ಲ. ಅದನ್ನು ಹೇಳಿದವಳು ಅವಳೇ.

ದೇವದುರ್ಗದಿಂದಾಚೆ, ಕಾಲುವೆ ದಾಟಿ ಹೋಗುವ ಆ ಹಳ್ಳಿಯಲ್ಲಿ ಆಗ ಮನೆಗೊಂದು ಕೋಳಿ ಬುಟ್ಟಿ ಇರುತ್ತಿತ್ತು. ಹೊಸದಾಗಿ ಬಂದ ನರ್ಸಮ್ಮನಿಗೆ ಒಲೆಯ ಮೇಲೆ ಮೊಟ್ಟೆ ಬೇಯುವ ವಾಸನೆ ಬಂದರೆ ಹೊಟ್ಟೆ ತೊಳಸುತ್ತಿತ್ತು. ಮೂಗಿಗೆ ಸೆರಗು ಹಿಡಿದರೆ ಜನ ನೊಂದುಕೊಳ್ಳುತ್ತಾರೆ. ಅದಕ್ಕೇ ಹೊಸ್ತಿಲಲ್ಲಿ ನಿಲ್ಲುವುದನ್ನು ಕಲಿತಳು. ಒಂದು ಮನೆಯಲ್ಲಿ ಮಾತ್ರ ಒಳಗೆ ಹೋಗಿ ಕೂರುತ್ತಿದ್ದಳು, ಅದು ದುರುಗಮ್ಮನ ಮನೆ. ಇಬ್ಬರೂ ಹೆಚ್ಚು ಕಡಿಮೆ ಒಂದೇ ವಯಸ್ಸಿನವರು. ನರ್ಸಮ್ಮ ಬರುವ ದಿನ ದುರುಗಮ್ಮ ಒಲೆ ಸಾರಿಸಿ, ಮಣೆ ತೊಳೆದು ಇಡುತ್ತಿದ್ದಳು. ತೊಂಬತ್ತೆಂಟರಲ್ಲಿ, ಎರಡು ಕೂಸು ಕಳೆದುಕೊಂಡು ಮೂರನೆಯದಕ್ಕೆ ಬಸುರಾಗಿದ್ದಾಗ, ಏನು ತಿನ್ನಲಿ ಎಂದು ಕೇಳಿದ್ದಳು. ಆ ವಾರವಷ್ಟೇ ರಾಯಚೂರಿನ ತರಬೇತಿಯಲ್ಲಿ ಡಾಕ್ಟರೊಬ್ಬರು, ಹೃದಯದ ಬೇನೆ ಇದ್ದವರು ಮೊಟ್ಟೆಯ ಹಳದಿ ಭಾಗ ಕಡಿಮೆ ಮಾಡಲಿ ಎಂದಿದ್ದರು. ಆ ಮಾತು ಕಿವಿಗೆ ಬಿದ್ದಾಗ ವೀರಭದ್ರಮ್ಮನಿಗೆ ಒಳಗೊಳಗೇ ಹಿತವಾಗಿತ್ತು. ತನ್ನ ಮೂಗಿಗೆ ಆಗದ್ದು ಶಾಸ್ತ್ರಕ್ಕೂ ಆಗದು ಎಂದು ಯಾರೋ ಸಹಿ ಮಾಡಿಕೊಟ್ಟ ಹಾಗೆ. ದುರುಗಮ್ಮನ ಎದುರು ಕೂತು ಆ ಒಂದು ಮಾತಿಗೆ ನಾಲ್ಕು ಸೇರಿಸಿದಳು. ಆ ಮಾತಿನಿಂದ ಹೃದಯದ ಬೇನೆ ಬಿಟ್ಟುಹೋಯಿತು, ಆ ಜಾಗಕ್ಕೆ ಬಸುರಿ ಬಂದಳು. ಕೊನೆಗೆ, "ಇದು ನನ್ನ ಮಾತಲ್ಲವ್ವಾ, ಸರಕಾರ ಹೇಳೇದ" ಎಂದಳು.

ಸಭೆಯ ದಿನದ ರಾತ್ರಿಯಷ್ಟೇ ಅಲ್ಲ, ಮರುದಿನವಷ್ಟೇ ಅಲ್ಲ, ಆ ವಾರ ಪೂರ್ತಿ ಅವಳಿಗೆ ಕಾಲು ನಿಲ್ಲಲಿಲ್ಲ. ಭಾಗ್ಯಜ್ಯೋತಿಯನ್ನು ತಾನೇ ಮಾನ್ವಿ ಆಸ್ಪತ್ರೆಗೆ ಕರೆದೊಯ್ದು ಕಬ್ಬಿಣಾಂಶದ ಇಂಜೆಕ್ಷನ್ ಶುರು ಮಾಡಿಸಿದಳು. ಹುಡುಗಿಯನ್ನು ಊರಿಗೆ ಮುಟ್ಟಿಸಿ ಮಾನ್ವಿಗೆ ತಿರುಗಿ ಬರುವಾಗ ಬಸ್ಸಿನಲ್ಲಿ ಜಾಗವಿದ್ದರೂ ನಿಂತೇ ಬಂದಳು. ನೀರಮಾನ್ವಿಯಲ್ಲಿ ಯಾಕೋ ಇಳಿದು, ಯಾಕೆ ಇಳಿದೆ ಎಂದು ತಿಳಿಯದೆ ಮುಂದಿನ ಬಸ್ಸು ಹತ್ತಿದಳು. ಹುಡುಗಿಗೆ ಹೇಳಬೇಕೆಂದು ಎರಡು ಸಲ ಬಾಯಿ ತೆರೆದಳು. ಎರಡು ಸಲವೂ, "ಹೊಸಾ ಮಾರ್ಗಸೂಚಿ ಬಂದದವ್ವಾ, ಈಗ ತತ್ತಿ ತಿನ್ನಬೇಕಂತ" ಎಂದಳು. ಭಾಗ್ಯಜ್ಯೋತಿ ಒಪ್ಪಲಿಲ್ಲ. "ಸರಕಾರ ವರ್ಷಕ್ಕೊಂದು ಹೇಳ್ತದ್ರೀ. ನಮ್ಮವ್ವ ಮೊದಲಿಂದು ಕೇಳಿದ್ಲು, ನಾ ಹುಟ್ಟಿದೆ, ಬದುಕಿದೆ. ಅದನ್ನ ಯಾಕ ಬಿಡ್ಲಿ?"

ಭಾನುವಾರ ರಾಯಚೂರಿಗೆ ತಮ್ಮ ಶಿವರಾಜನ ಮನೆಗೆ ಹೋದಳು. ಅಪ್ಪನ ಗಿರಣಿಯ ಪಾಲು ಈಗ ಅವನ ಕೈಯಲ್ಲಿದೆ. ಶಿವರಾಜ ಪತ್ರಿಕೆ ಹಿಡಿದು ಸಿಡಿಮಿಡಿಗುಟ್ಟುತ್ತಿದ್ದ. ಶಾಲೆಯಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ಸುದ್ದಿ.

"ನೋಡಕ್ಕಾ, ಬಾಳಿಹಣ್ಣು ಸಾಲಂಗಿಲ್ಲೇನು? ನೀನು ಇಲಾಖ್ಯಾಗ ಇದ್ದಾಕಿ, ನೀನಾ ಹೇಳು. ತತ್ತಿ ತಿನ್ನದಾ ನಾವೇನು ಸತ್ತೀವೇನು?"

ಇಂಥ ಮಾತಿಗೆ ಪ್ರತಿ ಸಲ ಹೂಂಗುಟ್ಟುತ್ತಿದ್ದವಳು ಈಗ ಎದ್ದು ನಿಂತಳು. "ನಮ್ಮ ಮನ್ಯಾಗ ಹಾಲು, ತುಪ್ಪ, ಬ್ಯಾಳಿ ಎಂದೂ ಕಡಿಮಿ ಆಗಿಲ್ಲ ಶಿವರಾಜ. ನಾವು ಬದುಕಿದ್ದು ಅದಕ್ಕ. ಆ ಮಕ್ಕಳ ಊಟದ ತಾಟು ನಾ ನೋಡೀನಿ, ನೀ ನೋಡಿಲ್ಲ."

ಶಿವರಾಜ ಪತ್ರಿಕೆ ಮಡಚಿದ. ಅವನ ಹೆಂಡತಿ ಸ್ವಪ್ನಾ ಅಡುಗೆಮನೆಯಿಂದ ಇಣುಕಿ, "ಊಟಾ ಮಾಡ್ರಿ ಅಕ್ಕಾ, ಆಗೇದ" ಎಂದಳು. ವೀರಭದ್ರಮ್ಮ ಚೀಲ ತೋಳಿಗೆ ಹಾಕಿಕೊಂಡಾಗಿತ್ತು. ದೇವದುರ್ಗದ ಬಸ್ಸು ಹತ್ತುವ ತನಕ ಅವಳಿಗೂ ತಾನು ಅಲ್ಲಿಗೆ ಹೊರಟಿದ್ದೇನೆ ಎಂದು ಖಾತ್ರಿ ಇರಲಿಲ್ಲ. ಕಲ್ಮಲ ದಾಟಿತು, ಗಬ್ಬೂರು ದಾಟಿತು. ಹತ್ತಿಯ ಹೊಲಗಳು ಎರಡೂ ಕಡೆ ಓಡಿದವು. ಇಪ್ಪತ್ತೊಂದು ವರ್ಷದಿಂದ ಆ ದಾರಿಯಲ್ಲಿ ಬಂದಿರಲಿಲ್ಲ.

ದುರುಗಮ್ಮ ಅಂಗಳದಲ್ಲಿ ಉಣ್ಣೆ ಬಿಡಿಸುತ್ತಿದ್ದಳು. ಕೂದಲು ನರೆತಿತ್ತು, ಕಣ್ಣು ಮಂದವಾಗಿತ್ತು. ಆದರೂ ನಡಿಗೆಯಲ್ಲೇ ಗುರುತು ಹಿಡಿದಳು. "ಯವ್ವಾ! ನಮ್ಮ ನರ್ಸಮ್ಮ! ಬರ್ರಿ, ಬರ್ರಿ." ವೀರಭದ್ರಮ್ಮ ತಾನೀಗ ಕಲ್ಲೂರಿನ ನರ್ಸು ಎಂದಾಗ ದುರುಗಮ್ಮ, "ಮಗಳು ಫೋನಿನ್ಯಾಗ ಹೇಳಿದ್ಲು, ಸಿಸ್ಟರ್ ಭಾಳ ಚಂದ ನೋಡ್ಕೊಳ್ಳಾಕತ್ತಾರಂತ. ನೀವಾ ಅಂತ ಗೊತ್ತಿದ್ದಿಲ್ಲ ನೋಡ್ರಿ!" ಎನ್ನುತ್ತಾ ಒಳಗೆ ಓಡಿ, ಮಣೆ ತಂದು, ನೀರು ಹಾಕಿ ತೊಳೆದು, ಸೆರಗಿನಿಂದ ಒರೆಸಿದಳು.

ವೀರಭದ್ರಮ್ಮ ಕೂತಳು. ಹೇಳುವುದನ್ನು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದಳು, ಒಂದೂ ನೆನಪಾಗಲಿಲ್ಲ.

"ದುರುಗವ್ವಾ, ಅವಾಗ ತತ್ತಿ ತಿನ್ನಬ್ಯಾಡ ಅಂದಿದ್ನಲ್ಲ. ಸರಕಾರ ಅಂದಿದ್ದಿಲ್ಲ ಅದನ್ನ. ನಾನಾ ಅಂದಿದ್ದೆ."

"ಈಗ ಬದಲಾಗೇದಂತಲ್ರೀ. ಮಗಳು ಹೇಳಿದ್ಲು."

"ಬದಲಾಗಿದ್ದಲ್ಲ. ಅವಾಗೂ ಬಸುರ್ಯಾರಿಗೆ ಬ್ಯಾಡಂತ ಯಾರೂ ಹೇಳಿದ್ದಿಲ್ಲ. ನನಗ ಆ ವಾಸನಿ ಆಗ್ತಿದ್ದಿಲ್ಲ. ಅದಕ್ಕ ಹೇಳಿದೆ."

ದುರುಗಮ್ಮ ಉಣ್ಣೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಒಂದೊಂದೇ ಮಾತು ಬಂತು.

"ಬಾಣಂತ್ಯಾಗ ನಮ್ಮತ್ತಿ ಉಡ್ಯಾಗ ಹನ್ನೊಂದು ತತ್ತಿ ಕಟಗೊಂಡು ಬಂದಿದ್ಲು. ಎರಡು ಕೂಸು ಹ್ವಾದ ಮ್ಯಾಗ ಉಳದದ್ದು ಇದೊಂದು, ಸೊಸಿಗೆ ಶಕ್ತಿ ಬರ್ಲಿ ಅಂತ. ನಿನಗೇನು ತಿಳಿತದ ಮುದುಕಿ, ನರ್ಸಮ್ಮ ಓದಿದಾಕಿ ಅಂದೆ. ನಾಕ ಮಂದಿ ಮುಂದ ಅಂದೆ. ಆಕಿ ತಿರುಗಿ ಒಯ್ದಳು. ಸಾಯೋತನಕ ನನಗ ಏನೂ ತಿನ್ನು ಅಂತ ಹೇಳ್ಲಿಲ್ಲ. ಈಗ ಆಕಿಗೆ ಏನಂತ ಹೇಳ್ಲಿರೀ?"

ವೀರಭದ್ರಮ್ಮ ಮಣೆಯಿಂದ ನೆಲಕ್ಕೆ ಇಳಿದು ಕೂತಳು.

"ವಾಸನಿ ಆಗಂಗಿಲ್ಲಂದ್ರ ಹೇಳಬೇಕಿತ್ತು. ಹೊರಗ ಗಿಡದ ಬುಡಕ ಕುಂದರಿಸಿ ಮಾತಾಡ್ತಿದ್ದೆ. ನನಗೇನು ತಿಳಿತಿದ್ದಿಲ್ಲೇನು?"

"ತಪ್ಪಾತವ್ವಾ."

"ಮಗಳಿಗೆ ನೀವಾ ಹೇಳ್ರಿ. ನನ್ನ ಬಾಯಿಲೆ ಬ್ಯಾಡ." ಅಷ್ಟು ಹೇಳಿ ದುರುಗಮ್ಮ ಉಣ್ಣೆಯ ಕಡೆ ತಿರುಗಿದಳು. ಚಹಾ ಇಡಲಿಲ್ಲ. ಬಾಗಿಲ ತನಕ ಬರಲಿಲ್ಲ.

ಮಂಗಳವಾರ ಅಂಗನವಾಡಿಯಲ್ಲಿ ಊಟದ ಹೊತ್ತಿಗೆ ವೀರಭದ್ರಮ್ಮ ಭಾಗ್ಯಜ್ಯೋತಿಯ ಪಕ್ಕ ಬಂದಳು. ಹುಡುಗಿಯೊಬ್ಬಳಿಗೇ ಹೇಳಬಹುದಿತ್ತು. ಆದರೆ ಕಲ್ಲೂರಿನಲ್ಲಿ ತಾನು ಇನ್ನೆಷ್ಟು ಜನಕ್ಕೆ ಏನೇನು ಸೇರಿಸಿ ಹೇಳಿದ್ದೇನೋ ಎಂಬ ಯೋಚನೆ ಎರಡು ದಿನದಿಂದ ಕಡಿಯುತ್ತಿತ್ತು. ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ದೇವದುರ್ಗದ ನರ್ಸಮ್ಮ ತಾನೇ ಎಂದಳು, ಮೊಟ್ಟೆಯ ಮಾತು ಸುಳ್ಳು ಎಂದಳು, ಸರಕಾರದ ಹೆಸರು ಹಾಕಿದ್ದು ತಾನೇ ಎಂದಳು.

ಯಶೋದಾ ಸೌಟು ಹಿಡಿದು ನಿಂತುಬಿಟ್ಟಳು. ಭಾಗ್ಯಜ್ಯೋತಿ ತಟ್ಟೆಯಲ್ಲಿದ್ದ ಮೊಟ್ಟೆಯನ್ನು ನೋಡಿದಳು, ಇವಳನ್ನು ನೋಡಿದಳು.

"ಈಗ ನೀವು ತಿಂತೀರೇನ್ರೀ?"

ಹೆಂಗಸರೆಲ್ಲ ಅವಳ ಮುಖವನ್ನೇ ನೋಡಿದರು. ತಿಂದುಬಿಟ್ಟರೆ ಎಲ್ಲವೂ ಸರಿಯಾಗುತ್ತದೆ ಎಂದು ವೀರಭದ್ರಮ್ಮನಿಗೆ ಒಂದು ಗಳಿಗೆ ಅನ್ನಿಸಿತು.

"ಇಲ್ಲವ್ವಾ. ನನಗ ಆಗಂಗಿಲ್ಲ. ಅದು ನಮ್ಮ ಮನಿ ಮಾತು, ನನ್ನ ಮೈಯಿನ ಮಾತು. ನಿನ್ನ ಕೂಸಿಗೂ ಅದಕ್ಕೂ ಸಂಬಂಧ ಇಲ್ಲ. ಅದನ್ನಾ ನಾ ಅವಾಗ ಕೂಡಿಸಿಬಿಟ್ಟೆ."

ಭಾಗ್ಯಜ್ಯೋತಿ ಮೊಟ್ಟೆ ಮುಟ್ಟಲಿಲ್ಲ. ಕೈ ತೊಳೆದು ಎದ್ದುಹೋದಳು.

ಮುನವ್ವರ್ ಬೀ ಕೇಳಿದಳು, "ಮತ್ತ ಉಳದದ್ದೆಲ್ಲ, ಸಿಸ್ಟರ್? ನಮಗ ಹೇಳಿದ್ರಾಗ ಯಾವುದು ಕಾಗದದ್ದು, ಯಾವುದು ನಿಮ್ಮದು?"

ಆ ಪ್ರಶ್ನೆ ಊರೆಲ್ಲ ಹಬ್ಬಿತು. ವಾರದೊಳಗೆ ಇಬ್ಬರು ಬಸುರಿಯರು ಕಬ್ಬಿಣದ ಮಾತ್ರೆ ವಾಪಸು ಕೊಟ್ಟರು. ಒಬ್ಬಳ ಅತ್ತೆ, ಆರು ತಿಂಗಳಾಗದ ಕೂಸಿಗೆ ಹಾಲಲ್ಲಿ ಬಿಸ್ಕೀಟು ಅದ್ದಿ ತಿನ್ನಿಸುತ್ತಾ, "ನಿಮ್ಮ ಮಾತು ಸಾಕು ಹೋಗ್ರಿ" ಎಂದಳು. ಸುದ್ದಿ ಆಸ್ಪತ್ರೆ ಮುಟ್ಟಿ ವೈದ್ಯಾಧಿಕಾರಿ ಕರೆಸಿದರು. "ಇನ್ನ ಎರಡು ವರ್ಷ ಅದ ಸರ್ವೀಸು. ಸುಮ್ನ ಹೊಸಾ ಮಾರ್ಗಸೂಚಿ ಅಂತ ಹೇಳಿದ್ರ ಮುಗಿತಿತ್ತು. ಯಾಕಮ್ಮಾ ಬೇಕಿತ್ತು ಇದೆಲ್ಲ?" ವೀರಭದ್ರಮ್ಮ ನಿಂತು ಕೇಳಿಸಿಕೊಂಡಳು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹಾಗೆ ಹೇಳಿದ್ದರೆ ಆ ಮಾತ್ರೆಗಳು ವಾಪಸು ಬರುತ್ತಿರಲಿಲ್ಲ. ಆಚೆ ಬಂದು ಆಸ್ಪತ್ರೆಯ ಅಂಗಳವನ್ನು ಮೂರು ಸುತ್ತು ಹಾಕಿದಳು. ಕಾವಲಿನವನು, ಏನಾದರೂ ಕಳೆದುಕೊಂಡಿರಾ ಎಂದು ಕೇಳಿದ.

ಮಾತ್ರೆ ಬಿಟ್ಟವರ ಮನೆಗೆ ದಿನ ಬಿಟ್ಟು ದಿನ ಹೋದಳು. ರಕ್ತದ ಅಂಕಿಯನ್ನು ಅವರ ಕಾರ್ಡಿನಲ್ಲೇ ತೋರಿಸಿದಳು. ಒಬ್ಬಳು ತಿಂಗಳ ಮೇಲೆ ಒಪ್ಪಿದಳು. ಇನ್ನೊಬ್ಬಳು ಒಪ್ಪಲೇ ಇಲ್ಲ, ತವರಿಗೆ ಹೋದಳು.

ಭಾಗ್ಯಜ್ಯೋತಿ ಮಾನ್ವಿಗೆ ಇಂಜೆಕ್ಷನ್‌ಗೆ ಬರುವುದನ್ನು ಬಿಡಲಿಲ್ಲ, ಆದರೆ ಜೊತೆಯಲ್ಲಿ ಬರುತ್ತಿದ್ದವನು ಉಮೇಶ. ಸಿಸ್ಟರ್ ಬೇಡವಾಗಿತ್ತು. ಅಕ್ಟೋಬರಿನ ಕೊನೆಗೆ ಯಶೋದಾ ಓಡಿಬಂದು ಹೇಳಿದಳು, "ಸಿಸ್ಟರ್, ಇವತ್ತು ಶೇಂಗಾ ಚಟ್ನಿಪುಡಿ ಹಚ್ಚಗೊಂಡು ಅರ್ಧ ತತ್ತಿ ತಿಂದ್ಲು ನೋಡ್ರಿ. ಬಿಳೇದು ಅಷ್ಟಾ." ಹಳದಿ ಭಾಗ ತಿನ್ನಲು ಇನ್ನೂ ಎರಡು ವಾರ ಹಿಡಿಯಿತು. ಅವಳ ಮನಸ್ಸು ಯಾಕೆ ತಿರುಗಿತೋ ಯಾರಿಗೂ ಹೇಳಲಿಲ್ಲ. ಅವ್ವನೊಡನೆ ಫೋನಿನಲ್ಲಿ ಏನು ಮಾತಾಯಿತೋ ಅದೂ ತಿಳಿಯಲಿಲ್ಲ.

ಜನವರಿಯಲ್ಲಿ ಮಾನ್ವಿ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಕೂಸು, ಎರಡು ಕಿಲೋ ಏಳುನೂರು ಗ್ರಾಂ. ರಕ್ತ ಹತ್ತರ ಮೇಲೆ ಬಂದಿತ್ತು. ಇಂಜೆಕ್ಷನ್‌ನಿಂದ ಬಂತೋ, ಊಟದಿಂದ ಬಂತೋ ಎಂದು ಉಮೇಶ ಕೇಳಿದಾಗ ವೀರಭದ್ರಮ್ಮ, "ಹೆಚ್ಚಿಗಿ ಇಂಜೆಕ್ಷನ್ನಿಂದಾ ಇರಬೇಕು. ಊಟದ್ದು ಎಷ್ಟಂತ ನನಗ ಗೊತ್ತಿಲ್ಲಪ್ಪಾ" ಎಂದಳು. ವಾರ್ಡಿನಲ್ಲಿ ದುರುಗಮ್ಮ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಇವಳನ್ನು ಕಂಡು ಮಾತಾಡಿಸಲಿಲ್ಲ. ತೂಕ ನೋಡಲು ಕೈ ಚಾಚಿದಾಗ ಕೂಸನ್ನು ಕೊಟ್ಟಳು, ತಿರುಗಿ ಇಸಿದುಕೊಂಡಳು. ಹೊರಡುವಾಗ ಮಾತ್ರ, "ನಮ್ಮತ್ತಿ ಹೆಸರು ಇಡ್ತೀವಿ" ಎಂದಳು. ಅದು ಕ್ಷಮೆಯೋ ಶಿಕ್ಷೆಯೋ ವೀರಭದ್ರಮ್ಮನಿಗೆ ಗೊತ್ತಾಗಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಈಗ ಕಲ್ಲೂರಿನ ಸಭೆಗಳು ಮುಗಿಯಲು ಮೊದಲಿಗಿಂತ ಎರಡು ಪಟ್ಟು ಹೊತ್ತು ಬೇಕು. ವೀರಭದ್ರಮ್ಮ ಒಂದು ವಾಕ್ಯ ಹೇಳಿದರೆ ಹೆಂಗಸರು, "ಕಾಗದದ್ದೋ, ನಿಮ್ಮದೋ?" ಎಂದು ಕೇಳುತ್ತಾರೆ. ಮೊದಮೊದಲು ಕುಟುಕಲು ಕೇಳುತ್ತಿದ್ದರು, ಈಗ ತಿಳಿಯಲು ಕೇಳುತ್ತಾರೆ. ಎಣ್ಣೆ ಕಡಿಮೆ ಮಾಡಿರಿ ಎಂಬ ಹೊಸ ಪ್ರಚಾರದ ಹಾಳೆ ಬಂದಾಗ ಅವಳು ವಾಡಿಕೆಯ ರಭಸದಲ್ಲಿ, "ಒಮ್ಮಿ ಕಾಸಿದ ಎಣ್ಣ್ಯಾಗ ಮತ್ತ ಮಿರ್ಚಿ ಕರೀಬ್ಯಾಡ್ರಿ, ಬಾಣಂತ್ಯಾರು ಹಸಿ ಮೆಣಸಿನಕಾಯಿ ಪೂರಾ ಬಿಡ್ರಿ" ಎಂದಳು.

"ಮೆಣಸಿನಕಾಯಿದು ಕಾಗದದಾಗ ಅದ ಏನ್ರೀ?" ಮುನವ್ವರ್ ಬೀ ಕೇಳಿದಳು. ಅವಳ ಸೊಸೆ ಹೆತ್ತು ಇಪ್ಪತ್ತು ದಿನವಾಗಿತ್ತು.

ವೀರಭದ್ರಮ್ಮ ಹಾಳೆ ತಿರುಗಿಸಿದಳು. ಹಿಂದೆ ನೋಡಿದಳು, ಮುಂದೆ ನೋಡಿದಳು. ಇರಲಿಲ್ಲ. ಅವಳವ್ವ ಹೇಳುತ್ತಿದ್ದ ಮಾತು ಅದು.

"ಇಲ್ಲ. ಅದು ನಂದು."

"ಹಂಗಾರ ಸೊಸಿ ತಿನ್ನಬಹುದೇನು?"

"ಗೊತ್ತಿಲ್ಲ ಬೇ. ಡಾಕ್ಟರಿಗೆ ಕೇಳ್ತೀನಿ, ತಡೀರಿ" ಎಂದು ವೀರಭದ್ರಮ್ಮ ಫೋನು ಹಿಡಿದು ಬಾಗಿಲಾಚೆ ಹೋದಳು. ಅತ್ತ ಫೋನು ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಒಳಗಿನಿಂದ ಹೆಂಗಸರು ಕತ್ತು ಚಾಚಿ ನೋಡುತ್ತಿದ್ದರು. ಅವಳು ಬಿಸಿಲಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಾ ಮತ್ತೆ ನಂಬರ್ ಒತ್ತಿದಳು.